ಸಿಮೆಂಟ್ ಶಬ್ದದೊಳಗಿನ ಕಲ್ಲು ಕಡಿಯುವವರು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆಯಲು ಗುರುಗಳು ಹೇಳಿದಾಗ ನನಗೆ ನೆನಪಾದದ್ದು ಎಂಟನೆಯ ತರಗತಿಗೆ ಸೇರಿದ ದಿನ. ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಒಕ್ಕಲುತನ’ ಎಂದು ಬರೆದೆ. ನಮಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ನಮ್ಮಪ್ಪ ಪರ್ಸಿ ಖಣಿಯಲ್ಲಿ ಕಲ್ಲು ಕಡಿಯುತ್ತಿದ್ದರು. ಪಕ್ಕದಲ್ಲಿ ಸಿಮೆಂಟ್ ಫ್ಯಾಕ್ಟರಿ ನೌಕರರ ಮಕ್ಕಳು ನಿಂತಿದ್ದರು. ನಿಜ ಬರೆಯಲು ನಾಚಿಕೆಯಾಯಿತು.

ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ನಿಘಂಟು ತಿರುವುವಾಗ ‘ಸಿಮೆಂಟ್’ ಶಬ್ದದ ಮೂಲ ಸಿಕ್ಕಿತು. ಲ್ಯಾಟಿನ್ ಭಾಷೆಯಲ್ಲಿ ‘ಕೈದೆರೆ’ ಎಂದರೆ ಕಡಿಯುವುದು. ಅದರಿಂದ ಹುಟ್ಟಿದ ‘ಕೈಮೆಂಟುಂ’ ಎಂದರೆ ಖಣಿಯಿಂದ ಕಡಿದು ತೆಗೆದ ಒರಟು ಕಲ್ಲು. ರೋಮನ್ನರು ಇಂಥ ಕಲ್ಲಿನ ತುಂಡುಗಳನ್ನು ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿಯ ಗಾರೆಯಲ್ಲಿ ಸೇರಿಸಿ ಗೋಡೆ ಕಟ್ಟುತ್ತಿದ್ದರು. ಕಾಲಾಂತರದಲ್ಲಿ ಕಲ್ಲಿನ ಹೆಸರು, ಕಲ್ಲನ್ನು ಕೂಡಿಸುವ ಗಾರೆಗೇ ಅಂಟಿಕೊಂಡಿತು. ಹಳೆಯ ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂತು. ‘ಡಿಸೈಡ್’ ಶಬ್ದವೂ ಇದೇ ‘ಕಡಿ’ ಎಂಬ ಮೂಲದ್ದು. ನಾವು ‘ಕಡ್ಡಿ ಮುರಿದಂತೆ ಹೇಳು’ ಎನ್ನುವುದಿಲ್ಲವೇ, ಹಾಗೆ.

ಇಂದಿನ ಸಿಮೆಂಟಿಗೆ ಹೆಸರಿಟ್ಟವನು ಇಂಗ್ಲೆಂಡಿನ ಲೀಡ್ಸ್ ನಗರದ ಗೌಂಡಿ ಜೋಸೆಫ್ ಆಸ್ಪ್‌ಡಿನ್. 1824ರಲ್ಲಿ ಪೇಟೆಂಟ್ ಪಡೆದ ಆತ, ತನ್ನ ಸಿಮೆಂಟು ಗಟ್ಟಿಯಾದ ಮೇಲೆ ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣುತ್ತದೆಂದು ಅದನ್ನು ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂದು ಕರೆದ. ಚೀಲದ ಮೇಲೆ ಇಂದಿಗೂ ಆ ಹೆಸರಿದೆ. ಹೀಗೆ ಮತ್ತೊಮ್ಮೆ ಕಲ್ಲಿನ ಹೆಸರೇ ಬಂತು.

ನಮ್ಮ ಭಾಗದಲ್ಲಿಯೂ ಎಲ್ಲಕ್ಕೂ ಮೂಲ ಕಲ್ಲೇ. ಭೀಮಾ ಸೀಮೆಯ ನೆಲದಡಿಯ ಸುಣ್ಣಕಲ್ಲು ಪದರು ಪದರಾಗಿ ಎದ್ದರೆ ಪರ್ಸಿ. ಪುಡಿಮಾಡಿ, ಜೇಡಿಯಂಥ ವಸ್ತು ಬೆರೆಸಿ, ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು, ಜಿಪ್ಸಂ ಜೊತೆ ಅರೆದರೆ ಸಿಮೆಂಟ್. ನಿಜಾಮರ ಕಾಲದಲ್ಲೇ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅದೂ ಅದರಲ್ಲಿ ಸೇರಿತು. ಆಮೇಲೆ ವಾಡಿ, ಮಳಖೇಡ, ಸೇಡಂ, ಈಗ ನಮ್ಮ ಕೋಡ್ಲಾ.

ಫ್ಯಾಕ್ಟರಿ ದೊಡ್ಡದು, ಖಣಿ ಸಣ್ಣದು ಎಂದು ತಿಳಿದಿದ್ದ ನನಗೆ ಶಬ್ದದ ಇತಿಹಾಸ ಬೇರೆಯೇ ಪಾಠ ಹೇಳಿತು. ಜಗತ್ತೆಲ್ಲ ಆಡುವ ಆ ಶಬ್ದದಲ್ಲಿ ಮೊದಲಿಗೆ ಇರುವುದು ಕಲ್ಲು ಕಡಿಯುವ ಕೈ. ಇದನ್ನು ಅಪ್ಪನಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಇಂದು ಈ ಶಾಲೆಯಲ್ಲಿ ಓದುವ ಮಕ್ಕಳೇ, ಅರ್ಜಿ ತುಂಬುವಾಗ ನಿಮ್ಮ ತಂದೆ-ತಾಯಿಯ ಕೆಲಸವನ್ನು ಇದ್ದಂತೆ ಬರೆಯಿರಿ. ನನ್ನ ಅರ್ಜಿಯನ್ನು ನಾನು ಇಲ್ಲಿ ತಿದ್ದುತ್ತಿದ್ದೇನೆ. ತಂದೆಯ ಉದ್ಯೋಗ: ಕಲ್ಲು ಕಡಿಯುವುದು.