ಶಾಸನದ ಫೋಟೋಗೆ ಯಾವ ಕ್ಯಾಮೆರಾ?

ಶಾಸನ ಹುಡುಕಿಕೊಂಡು ಊರೂರು ತಿರುಗೋ ಗೆಳೆಯರು ನನ್ನನ್ನು ಹೆಚ್ಚಾಗಿ ಕೇಳೋ ಪ್ರಶ್ನೆ ಲಿಪಿಯದ್ದಲ್ಲ, ಕ್ಯಾಮೆರಾದ್ದು. ಉತ್ತರ ಹೇಳುವ ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕೆರೆ ಏರಿಯ ಮೇಲೆ ಅರ್ಧ ಹೂತಿದ್ದ ವೀರಗಲ್ಲು ಸಿಕ್ಕಿತು. ಪಟ್ಟಿಕೆಗಳ ನಡುವೆ ಆರು ಸಾಲು ಬರಹ. ಕೈಯಲ್ಲಿ ಆಗಷ್ಟೇ ಕಂತಿನ ಮೇಲೆ ಕೊಂಡ ಹೊಸ ಕ್ಯಾಮೆರಾ. ಮರದ ನೆರಳಿದೆ ಅಂತ ಫ್ಲ್ಯಾಶ್ ಹಾಕಿ ಎದುರಿನಿಂದ ಹತ್ತು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಕಲ್ಲಿನ ಒಂದೊಂದು ಕಣವೂ ಸ್ಪಷ್ಟ, ಅಕ್ಷರ ಮಾತ್ರ ಇಲ್ಲ! ಮೂರನೇ ಸಾಲಿನಲ್ಲಿ, ಸತ್ತವನ ಹೆಸರು ಇರಬೇಕಾದ ಜಾಗ ಬೆಳ್ಳಗೆ ಚಪ್ಪಟೆಯಾಗಿತ್ತು. ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ. ಏರಿ ಅಗಲ ಮಾಡಿದ್ದರು. ಕಲ್ಲು ಇರಲಿಲ್ಲ. ಊರಲ್ಲಿ ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಆ ವೀರನ ಹೆಸರು ಹೋಯಿತು.

ಮೈಸೂರು ಸೀಮೆಯ ಶಾಸನ ಅಧ್ಯಯನಕ್ಕೂ ಕ್ಯಾಮೆರಾಕ್ಕೂ ನಂಟು ಹಳೆಯದು. 1865ರ ಸುಮಾರಿಗೆ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಇಲ್ಲಿನ ಶಾಸನಗಳ ಫೋಟೋ ತೆಗೆದಿದ್ದರು. ಬಿ. ಎಲ್. ರೈಸ್ 1879ರಲ್ಲಿ ಹೊರತಂದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಆ ಫೋಟೋಗಳು ಆಧಾರವಾದವು. 1886ರಲ್ಲಿ ಕೊಡಗಿನ ಶಾಸನಗಳೊಂದಿಗೆ ‘ಎಪಿಗ್ರಾಫಿಯ ಕರ್ನಾಟಿಕ’ ಶುರುವಾಯಿತು. ಹೀಗಿದ್ದೂ ಶಾಸನತಜ್ಞರು ನೆಚ್ಚಿಕೊಂಡದ್ದು ಅಚ್ಚನ್ನು. ಒದ್ದೆ ಕಾಗದವನ್ನು ಬ್ರಷ್‌ನಿಂದ ಬಡಿದಾಗ ಅದು ಅಕ್ಷರದ ತಗ್ಗಿಗೆ ಇಳಿಯುತ್ತದೆ, ಮೇಲೆ ಒತ್ತಿದ ಮಸಿ ಉಬ್ಬಿದ ಭಾಗಕ್ಕಷ್ಟೇ ಹತ್ತುತ್ತದೆ. ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಕಲ್ಲಿನ ಅಕ್ಷರ ಅನ್ನೋದು ಬಣ್ಣವಲ್ಲ, ತಗ್ಗು. ಅಚ್ಚಿಗೆ ಅದು ನೇರವಾಗಿ ಸಿಗುತ್ತದೆ, ಕ್ಯಾಮೆರಾಕ್ಕೆ ಸಿಗಬೇಕಾದರೆ ನೆರಳು ಬೇಕು. ನೆರಳು ಬರುವುದು ಬದಿಯಿಂದ ಓರೆಯಾಗಿ ಬೀಳುವ ಬೆಳಕಿನಿಂದ. ನನ್ನ ಫ್ಲ್ಯಾಶ್ ಎದುರಿನಿಂದ ಬಿದ್ದು ಇದ್ದಬದ್ದ ನೆರಳನ್ನೂ ಅಳಿಸಿಹಾಕಿತ್ತು.

ಇಷ್ಟು ಗೊತ್ತಾದರೆ ಕ್ಯಾಮೆರಾ ಆಯ್ಕೆ ಸುಲಭ. ಅಂಗಡಿಯಲ್ಲಿ ಮೊದಲು ಹೇಳೋದು ಮೆಗಾಪಿಕ್ಸೆಲ್. ಲೆಕ್ಕ ಹಾಕಿ ನೋಡಿ. ನಾಲ್ಕು ಅಡಿ, ಅಂದರೆ ಸುಮಾರು 120 ಸೆಂಟಿಮೀಟರ್ ಎತ್ತರದ ಕಲ್ಲು ಚೌಕಟ್ಟಿನ ಉದ್ದಕ್ಕೂ ತುಂಬಿದೆ ಅಂತಿಟ್ಟುಕೊಳ್ಳಿ. 12 ಮೆಗಾಪಿಕ್ಸೆಲ್ ಚಿತ್ರದ ಉದ್ದ 4000 ಪಿಕ್ಸೆಲ್. ಸೆಂಟಿಮೀಟರಿಗೆ 33 ಪಿಕ್ಸೆಲ್ ಬಂತು. ಒಂದು ಇಂಚಿನ ಅಕ್ಷರಕ್ಕೆ 80ಕ್ಕೂ ಹೆಚ್ಚು. ಓದೋಕೆ ಧಾರಾಳ ಸಾಕು. ಇನ್ನು ದುಬಾರಿ ಕ್ಯಾಮೆರಾಗಳಲ್ಲಿ ನಾವು ದುಡ್ಡು ಕೊಡೋದು ಕ್ಷಣಕ್ಕೆ ಹತ್ತಾರು ಚಿತ್ರ, ಓಡುವ ಪ್ರಾಣಿಯ ಮೇಲೆ ಫೋಕಸ್, ಕತ್ತಲಲ್ಲೂ ಕೈಯಲ್ಲೇ ಹಿಡಿದು ತೆಗೆಯುವ ಸಾಮರ್ಥ್ಯ, ಇಂಥವಕ್ಕೆ. ಶಾಸನ ಎಲ್ಲೂ ಓಡಿಹೋಗೋದಿಲ್ಲ. ಟ್ರೈಪಾಡ್ ಮೇಲಿಟ್ಟು ಐಎಸ್ಒ 100, ಎಫ್/8 ಇಟ್ಟರೆ ಶಟರ್ ಅರ್ಧ ಸೆಕೆಂಡು ತೆರೆದಿದ್ದರೂ ಚಿಂತೆಯಿಲ್ಲ. ಫುಲ್‌ಫ್ರೇಮ್ ಬೇಕೇ ಬೇಕು ಅಂತೇನಿಲ್ಲ.

ನಮಗೆ ಬೇಕಾದ್ದು ಬೇರೆ. ಮ್ಯಾನುವಲ್ ಮೋಡ್, ರಾ ಫೈಲ್, ಸೆಲ್ಫ್ ಟೈಮರ್, ಫೋಕಸ್ ನೋಡಲು ದೊಡ್ಡದಾಗಿ ಹಿಗ್ಗುವ ಲೈವ್ ವ್ಯೂ. ನೆಲಕ್ಕೆ ಕುಸಿದ ಕಲ್ಲುಗಳೇ ಹೆಚ್ಚಾದ್ದರಿಂದ ತಿರುಗುವ ಪರದೆ ಇದ್ದರೆ ಬೆನ್ನು ಉಳಿಯುತ್ತದೆ. ನಿಕಾನ್ ಡಿ5300, ಕ್ಯಾನನ್ 200ಡಿ ಥರದ ಹಳೆಯ ಡಿಎಸ್ಎಲ್ಆರ್‌ಗಳಲ್ಲಿ ಇವೆಲ್ಲ ಇವೆ. ಜೊತೆಗೆ ಬರುವ 18-55 ಲೆನ್ಸನ್ನು 35ರ ಮೇಲಿಟ್ಟು, ಸ್ವಲ್ಪ ಹಿಂದೆ ಸರಿದು ತೆಗೆದರೆ ಅಂಚಿನ ಅಕ್ಷರ ಸೊಟ್ಟಗಾಗೋದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಲೆನ್ಸಿಗೆ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಕಟ್ಟಿದೆಯಾ ನೋಡಿ. ಮಲೆನಾಡಲ್ಲಿ, ಕರಾವಳಿಯಲ್ಲಿ ಇದ್ದ ಲೆನ್ಸಾದರೆ ಖಂಡಿತ ನೋಡಿ.

ಬಜೆಟ್ ಕಡಿಮೆಯಿದ್ದರೆ ನನ್ನ ಸಲಹೆ ಉಲ್ಟಾ: ಮೊದಲು ಗಟ್ಟಿ ಟ್ರೈಪಾಡ್, ಆಮೇಲೆ ಒಂದು ಎಲ್ಇಡಿ ಟಾರ್ಚ್, ಉಳಿದ ದುಡ್ಡಿಗೆ ಕ್ಯಾಮೆರಾ. ಏನೂ ಉಳಿಯಲಿಲ್ಲವೋ, ಫೋನೇ ಸಾಕು. ಆದರೆ ಒಂದು ಎಚ್ಚರಿಕೆ. ಫೋನು ತಾನಾಗಿ ಹಲವು ಚಿತ್ರ ಬೆರೆಸಿ ಅಂಚುಗಳನ್ನು ಚೂಪು ಮಾಡುತ್ತದೆ. ಕಲ್ಲಿನ ಒಂದು ಕುಳಿ ಅನುಸ್ವಾರದ ಹಾಗೆ ಕಂಡರೆ ಓದೇ ಬದಲಾಗಿಬಿಡುತ್ತದೆ. ರಾ ಸೌಲಭ್ಯವಿದ್ದರೆ ಅದನ್ನೇ ಬಳಸಿ.

ತೆಗೆಯುವಾಗ ಟಾರ್ಚನ್ನು ಕಲ್ಲಿಗೆ ಒರಗಿಸಿದಷ್ಟು ಓರೆಯಾಗಿ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಬಿಡಿ. ಬೆಳಕು ಹರಿಯುವ ದಿಕ್ಕಿನಲ್ಲೇ ಇರುವ ಗೆರೆ ಕಾಣೋದಿಲ್ಲ, ಹಾಗಾಗಿ ನಾಲ್ಕೂ ಬೇಕು. ಇದೇ ತತ್ವವನ್ನು ಮುಂದುವರಿಸಿ 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಒಂದು ವಿಧಾನ ಪ್ರಕಟಿಸಿದರು. ಕ್ಯಾಮೆರಾ ಕದಲಿಸದೆ, ಬೆಳಕನ್ನಷ್ಟೇ ಸರಿಸುತ್ತ ಹತ್ತಾರು ಚಿತ್ರ ತೆಗೆದು ಜೋಡಿಸಿದರೆ, ಆಮೇಲೆ ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದತ್ತ ತಿರುಗಿಸಿ ಓದಬಹುದು. ಆರ್‌ಟಿಐ ಅನ್ನೋದು ಇದನ್ನೇ. ಇದಕ್ಕೂ ಹಳೆಯ ಡಿಎಸ್ಎಲ್ಆರ್ ಸಾಕು.

ಅಕ್ಷರಕ್ಕೆ ಸೀಮೆಸುಣ್ಣ, ರಂಗೋಲಿ ಪುಡಿ ತುಂಬಬೇಡಿ. ಆಗ ಫೋಟೋದಲ್ಲಿ ಉಳಿಯೋದು ಶಾಸನದ ಪಾಠವಲ್ಲ, ತುಂಬಿದವರ ಊಹೆ. ಪಕ್ಕದಲ್ಲೊಂದು ಅಳತೆಪಟ್ಟಿ ಇಡಿ, ಊರು, ಜಾಗ, ದಿನಾಂಕ ಬರೆದುಕೊಳ್ಳಿ. ಕಲ್ಲಿನ ಹತ್ತಿರ ನಿಂತಿರುವಾಗಲೇ ಪರದೆಯಲ್ಲಿ ಸಾಲುಸಾಲಾಗಿ ಓದಿ ನೋಡಿ, ಅಕ್ಷರ ಸಿಗದಿದ್ದರೆ ಬೆಳಕು ಬದಲಿಸಿ ಮತ್ತೆ ತೆಗೆಯಿರಿ. ಇನ್ನೊಂದು ಸಲ ಬಂದಾಗ ನೋಡಿಕೊಳ್ಳೋಣ ಅಂದುಕೊಂಡೇ ನಾನು ಆ ಕೆರೆ ಏರಿಯಿಂದ ಇಳಿದಿದ್ದು.