ಕಡಲಾಚೆಯ ಕ್ರೈಸ್ತ ಬಾನುಲಿ ಮತ್ತು ನಮ್ಮ ಬೈಕುಲ್ಲಾ

ಮುಂಬಯಿಯ ಇತಿಹಾಸ ಬರೆದವರು ಗಿರಣಿಗಳನ್ನು ಕುರಿತು, ರೈಲನ್ನು ಕುರಿತು, ಬಂದರನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ರಾತ್ರಿ ಊಟವಾದ ಮೇಲೆ ಚಾಳಿನ ಖೋಲಿಗಳಲ್ಲಿ ರೇಡಿಯೋದ ಮುಳ್ಳು ಎಲ್ಲಿ ಹೋಗಿ ನಿಲ್ಲುತ್ತಿತ್ತು ಎಂಬುದನ್ನು ಬರೆದವರು ಕಡಮೆ. ಬರೆದವರೂ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲೆಯ ಆಚೆಗೆ ಹೋಗಿಲ್ಲ. ಆ ಮುಳ್ಳು ಇನ್ನಷ್ಟು ಸರಿದರೆ ಇಂಗ್ಲಿಷಿನಲ್ಲಿ ಒಂದು ಪ್ರಾರ್ಥನಾಗೀತೆ, ಅದರ ಬೆನ್ನಿಗೆ ಗಂಭೀರ ದನಿಯ ಒಂದು ಉಪದೇಶ ಕೇಳಿಬರುತ್ತಿತ್ತು. ಕಡಲಾಚೆಯ ಇಂಗ್ಲಿಷ್ ಬಲ್ಲ ಶ್ರೋತೃಗಳಿಗಾಗಿ ಕ್ರೈಸ್ತ ಸಂಸ್ಥೆಗಳು ಹ್ರಸ್ವತರಂಗದಲ್ಲಿ ನಡೆಸುತ್ತಿದ್ದ ಪ್ರಸಾರ ಅದು. ಧರ್ಮಪ್ರಚಾರದ ಈ ಕಥೆ ಕನ್ನಡ ಸಂಘದ ಪತ್ರಿಕೆಗೆ ಏಕೆ ಎಂದು ಓದುಗರು ಕೇಳಬಹುದು. ಇಂಗ್ಲಿಷಿನಲ್ಲಿ ಶುರುವಾದ ಈ ಕಥೆಯ ನಡುವೆ ನಮ್ಮ ಕನ್ನಡ ಬಂದು ಕುಳಿತಿದೆ, ಅದಕ್ಕಾಗಿಯೇ ಬರೆಯುತ್ತಿದ್ದೇವೆ.

ಬೈಕುಲ್ಲಾದಲ್ಲಿ ಇಂತಹ ಪ್ರಸಾರಕ್ಕೆ ಕಿವಿಗಳಿಗೆ ಬರವಿರಲಿಲ್ಲ. ಸ್ಟೇಷನ್ನಿನ ಪೂರ್ವಕ್ಕೆ ಗ್ಲೋರಿಯಾ ಚರ್ಚು, ಅದರ ಈಗಿನ ಕಟ್ಟಡ ಎದ್ದದ್ದು 1913ರಲ್ಲಿ. ಪಶ್ಚಿಮಕ್ಕೆ ಕ್ಲೇರ್ ರೋಡಿನಲ್ಲಿ ಅದಕ್ಕಿಂತ ಹಳೆಯ ಕ್ರೈಸ್ಟ್ ಚರ್ಚು. ರೈಲ್ವೆಯ ಆಂಗ್ಲೋ ಇಂಡಿಯನ್ನರು, ಮಜಗಾಂವಿನವರೆಗೂ ಹರಡಿದ್ದ ಗೋವಾದವರು, ಹಡಗಿನ ಕೆಲಸಕ್ಕೆ ಹೋಗಿಬರುವವರು, ನಮ್ಮ ಮಂಗಳೂರಿನ ಕ್ರೈಸ್ತ ಬಂಧುಗಳು. ಅದೇ ಕಟ್ಟಡಗಳಲ್ಲಿ ಹೋಟೆಲು, ಆಫೀಸು, ಬ್ಯಾಂಕುಗಳ ಕೆಲಸಕ್ಕೆ ಬಂದ ಉಳಿದ ಕನ್ನಡಿಗರು. ನಾವು ಹುಡುಗರಾಗಿದ್ದ 1980ರ ದಶಕದಲ್ಲಿಯೂ ಗೋಡೆಯಿಂದ ಗೋಡೆಗೆ ತಾಮ್ರದ ಜಾಲರಿಯ ಏರಿಯಲ್ ಕಟ್ಟಿದ ಮನೆಗಳಿದ್ದವು. ಮೇಲಿನ ಮಾಳಿಗೆಯ ಮಂಗಳೂರಿನ ಬಾಯಮ್ಮನ ರೇಡಿಯೋ ಹಾಡಿದರೆ ಕೆಳಗಿನ ನಾಲ್ಕು ಖೋಲಿಗಳವರು ಬೇಕಿರಲಿ ಬೇಡವಿರಲಿ ಕೇಳಲೇಬೇಕು. ಚಾಳಿನಲ್ಲಿ ಶ್ರೋತೃಗಳ ಲೆಕ್ಕ ಹಿಡಿಯುವುದು ಯಾವ ಬಾನುಲಿ ಕೇಂದ್ರಕ್ಕೂ ಸಾಧ್ಯವಿರಲಿಲ್ಲ.

ಈ ಪ್ರಸಾರಗಳ ಮೂಲ 1931ನೆಯ ಇಸವಿಯಲ್ಲಿದೆ. ಆ ವರ್ಷ ಫೆಬ್ರವರಿ 12ರಂದು ಮಾರ್ಕೋನಿಯೇ ನಿಂತು ಕಟ್ಟಿಸಿದ ವ್ಯಾಟಿಕನ್ ರೇಡಿಯೋದಲ್ಲಿ ಹನ್ನೊಂದನೆಯ ಪಯಸ್ ಪೋಪರು ಲ್ಯಾಟಿನ್ನಿನಲ್ಲಿ ಮಾತನಾಡಿದರು. ಅದೇ ವರ್ಷದ ಕ್ರಿಸ್‌ಮಸ್ ದಿನ ದಕ್ಷಿಣ ಅಮೇರಿಕದ ಈಕ್ವೆಡಾರ್ ದೇಶದ ಕ್ವಿಟೋ ನಗರದಲ್ಲಿ ಕ್ಲಾರೆನ್ಸ್ ಜೋನ್ಸ್ ಎಂಬ ಅಮೇರಿಕನ್ನರು ಎಚ್.ಸಿ.ಜೆ.ಬಿ. ಎಂಬ ಕೇಂದ್ರವನ್ನು ತೆರೆದರು. ಒಂದು ಕಡೆ ಪೋಪರ ಅರಮನೆ, ಮಾರ್ಕೋನಿಯ ಹೆಸರು; ಇನ್ನೊಂದು ಕಡೆ ರಿಪೇರಿ ಮಾಡಿದ ಕುರಿಕೊಟ್ಟಿಗೆಯಲ್ಲಿ ಒಂದು ಪುಟ್ಟ ಪ್ರೇಷಕ ಯಂತ್ರ. ಆಗ ಈಕ್ವೆಡಾರಿನಲ್ಲಿ ಇದ್ದ ರೇಡಿಯೋಗಳು ಬೆರಳೆಣಿಕೆಯಷ್ಟು. ಕೇಳುವವರೇ ಇಲ್ಲದ ಊರಿನಲ್ಲಿ ಕೇಂದ್ರ ತೆರೆದ ಧೈರ್ಯವನ್ನು ಮೆಚ್ಚಬೇಕೋ ನಗಬೇಕೋ ತಿಳಿಯದು.

ಕ್ವಿಟೋದ ಒಂದು ಸಂಗತಿಯನ್ನು ವಿಜ್ಞಾನ ಓದಿದ ನಮಗೆ ಬಿಡಲಾಗುವುದಿಲ್ಲ. ಆ ಊರು ಸಮುದ್ರಮಟ್ಟದಿಂದ ಸುಮಾರು 2800 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ತೆಳು ಗಾಳಿಯಲ್ಲಿ ವಿದ್ಯುತ್ತು ಬೇಗ ಹಾರುತ್ತದೆ. ಪ್ರೇಷಕದ ಶಕ್ತಿ ಹೆಚ್ಚಿಸಿದ ಮೇಲೆ ಆಂಟೆನಾದ ಕಂಬಿಗಳ ತುದಿಯಲ್ಲಿ ಕಿಡಿಗಳೆದ್ದು ತುದಿಗಳೇ ಕರಗಿ ಬೀಳತೊಡಗಿದವು. ಅಲ್ಲಿದ್ದ ಕ್ಲಾರೆನ್ಸ್ ಮೂರ್ ಎಂಬ ಇಂಜಿನಿಯರರು 1942ರ ಸುಮಾರಿಗೆ ಸರಳವಾದ ಒಂದು ಉಪಾಯ ಹುಡುಕಿದರು. ತುದಿ ಇದ್ದರಲ್ಲವೇ ಕಿಡಿ? ತಂತಿಯನ್ನು ಚೌಕಾಕಾರವಾಗಿ ಸುತ್ತಿ ತುದಿಯೇ ಇಲ್ಲದಂತೆ ಮಾಡಿಬಿಟ್ಟರು. 'ಕ್ಯೂಬಿಕಲ್ ಕ್ವಾಡ್' ಎಂಬ ಹೆಸರಿನ ಆ ಆಂಟೆನಾವನ್ನು ಜಗತ್ತಿನ ಹವ್ಯಾಸಿ ರೇಡಿಯೋದವರು ಇಂದಿಗೂ ಕಟ್ಟುತ್ತಾರೆ. ಉಪದೇಶ ಕೇಳದವರಿಗೂ ಆ ಕೇಂದ್ರ ಕೊಟ್ಟುಹೋದ ಕಾಣಿಕೆ ಇದು. ಅದೇ ಕೇಂದ್ರದಿಂದ 1961ರಿಂದ ಕ್ಲೇಟನ್ ಹೊವರ್ಡ್ ಎಂಬವರು 'ಡಿ.ಎಕ್ಸ್. ಪಾರ್ಟಿ ಲೈನ್' ಎಂಬ ಇಂಗ್ಲಿಷ್ ಕಾರ್ಯಕ್ರಮ ನಡೆಸಿದರು. ದೂರದ ಕೇಂದ್ರಗಳನ್ನು ಹಿಡಿಯುವ ಹುಚ್ಚಿನವರಿಗೆಂದೇ ಇದ್ದ ಕಾರ್ಯಕ್ರಮ ಅದು.

ಎರಡನೆಯ ಮಹಾಯುದ್ಧದ ನಂತರ ಇಂತಹ ಕೇಂದ್ರಗಳು ಒಂದೊಂದಾಗಿ ಎದ್ದವು. ಮನಿಲಾದಲ್ಲಿ 1948ರಲ್ಲಿ ಎಫ್.ಇ.ಬಿ.ಸಿ., ಆಫ್ರಿಕದ ಟ್ಯಾಂಜಿಯರಿನಲ್ಲಿ 1954ರಲ್ಲಿ ಪಾಲ್ ಫ್ರೀಡರ ಕೇಂದ್ರ. ಟ್ಯಾಂಜಿಯರಿನಿಂದ ಎಬ್ಬಿಸಲ್ಪಟ್ಟು ಅದು 1960ರಲ್ಲಿ ಮಾಂಟೆಕಾರ್ಲೋಗೆ ಹೋಗಿ ಟ್ರಾನ್ಸ್ ವರ್ಲ್ಡ್ ರೇಡಿಯೋ ಆಯಿತು. ಅದಕ್ಕೆ ಸಿಕ್ಕಿದ ಕಟ್ಟಡವನ್ನು ಕಟ್ಟಿಸಿದ್ದವರು ಯುದ್ಧಕಾಲದ ಜರ್ಮನರು, ಹಿಟ್ಲರನ ಪ್ರಚಾರಕ್ಕಾಗಿ!

ಬೈಕುಲ್ಲಾಕ್ಕೆ ಮಾತ್ರ ಇವೆಲ್ಲಕ್ಕಿಂತ ಹತ್ತಿರದ ಬಾಗಿಲು ಕೊಲಂಬೋ. ಯುದ್ಧಕಾಲದಲ್ಲಿ ಬ್ರಿಟಿಷ್ ಸೈನಿಕರಿಗಾಗಿ ಸಿಂಹಳದಲ್ಲಿ ಹೂಡಿದ್ದ ಬಲವಾದ ಪ್ರೇಷಕ 1949ರಲ್ಲಿ ರೇಡಿಯೋ ಸಿಲೋನಿನ ಕೈಗೆ ಬಂತು. ಮರುವರ್ಷ ಅದರ ವಾಣಿಜ್ಯ ವಿಭಾಗ ಶುರುವಾಯಿತು. ನಮ್ಮ ಆಕಾಶವಾಣಿ ಹೊತ್ತನ್ನು ಮಾರುತ್ತಿರಲಿಲ್ಲ. ವಿವಿಧ ಭಾರತಿಯಲ್ಲಿ ಜಾಹೀರಾತು ಬಂದದ್ದೇ 1967ರ ನವೆಂಬರಿನಲ್ಲಿ. ಸಿಲೋನಿನವರು ಮಾರುತ್ತಿದ್ದರು. ಹಲ್ಲುಪುಡಿಯವರು ಕೊಂಡರು, ಉಪದೇಶದವರೂ ಕೊಂಡರು. 1950ರ ದಶಕದಲ್ಲಿ 'ವಾಯ್ಸ್ ಆಫ್ ಪ್ರಾಫೆಸಿ', 'ಬ್ಯಾಕ್ ಟು ದಿ ಬೈಬಲ್' ಎಂಬ ಅಮೇರಿಕದ ಕಾರ್ಯಕ್ರಮಗಳು ಹೀಗೆ ಮುಂಬಯಿಗೆ ಬಂದವು. ಮೊದಲನೆಯದರ ಅಂಚೆ ಪಾಠಗಳು ಪುಣೆಯಿಂದ ಬರುತ್ತಿದ್ದವು. ಪಾಠ ಪುಕ್ಕಟೆ, ಮುಗಿಸಿದರೆ ಒಂದು ಸರ್ಟಿಫಿಕೇಟು. ನಮ್ಮ ಹಿರಿಯರು ಹೇಳುತ್ತಿದ್ದ ಪ್ರಕಾರ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಮೆಟ್ರಿಕ್ಕಿಗೆ ಓದುತ್ತಿದ್ದ ಹುಡುಗರಲ್ಲಿ ಕೆಲವರು ಈ ಪಾಠಗಳನ್ನು ತರಿಸಿಕೊಂಡಿದ್ದರು. ಅವರಿಗೆ ಬೇಕಿದ್ದದ್ದು ಇಂಗ್ಲಿಷು. ತಿಂಡಿಯ ಬಿಲ್ಲು ಬರೆಯುವ ಕೈಗೆ ಅರ್ಜಿ ಬರೆಯುವ ಅಭ್ಯಾಸವಾಗಲಿ ಎಂಬಷ್ಟೇ ಆಸೆ. ಕಳಿಸಿದವರ ಉದ್ದೇಶ ಬೇರೆ, ತರಿಸಿಕೊಂಡವರ ಉದ್ದೇಶ ಬೇರೆ, ಎರಡೂ ಗುಟ್ಟಿನದಲ್ಲ. ಮಾಸ್ಕೋ, ಪೀಕಿಂಗ್, ಲಂಡನ್ನುಗಳೂ ಆಗ ನಮ್ಮ ಕಿವಿಗಾಗಿ ಪೈಪೋಟಿ ನಡೆಸಿದ್ದವಲ್ಲವೇ? ತಮ್ಮ ಸರಕು ಇಂಥದು ಎಂದು ಮೊದಲ ಮಾತಿಗೇ ಹೇಳಿಬಿಡುವವರ ವಿಷಯದಲ್ಲಿ ಕೇಳುವವನಿಗೆ ಒಂದು ಅನುಕೂಲವಿದೆ. ಹಾಡು ಮುಗಿದ ಕೂಡಲೇ ಗುಂಡಿ ತಿರುಗಿಸಬಹುದು.

1964ರ ಡಿಸೆಂಬರಿನಲ್ಲಿ ಆರನೆಯ ಪಾಲ್ ಪೋಪರು ಯೂಕರಿಸ್ಟಿಕ್ ಸಮ್ಮೇಳನಕ್ಕೆಂದು ಮುಂಬಯಿಗೇ ಬಂದರು. ಆ ಮೇಲೆ ಒಂದೆರಡು ವರ್ಷಗಳಲ್ಲೇ ವ್ಯಾಟಿಕನ್ ರೇಡಿಯೋ ಭಾರತದ ಕಡೆಗೆ ಇಂಗ್ಲಿಷಿನ ಜೊತೆ ಹಿಂದಿ, ತಮಿಳು, ಮಲಯಾಳಗಳಲ್ಲಿ ಮಾತನಾಡತೊಡಗಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.

ಕನ್ನಡ ಬಂದದ್ದು ಬೇರೊಂದು ದಿಕ್ಕಿನಿಂದ. ಕಡಲಾಚೆಯವರಿಗೆ ಇಂಗ್ಲಿಷ್ ಸಾಕು ಎಂದು ಹೊರಟ ಈ ಸಂಸ್ಥೆಗಳಿಗೆ ಆ ಲೆಕ್ಕ ಸಾಲದೆಂದು ಕಾಲಕ್ರಮೇಣ ತಿಳಿಯಿತು. ಇಂಗ್ಲಿಷ್ ಬಲ್ಲವನು ಗೌರವದಿಂದ ಕೇಳುತ್ತಾನೆ, ಪಾಠ ತರಿಸಿಕೊಳ್ಳುತ್ತಾನೆ. ಮನೆಯ ಹೆಂಗಸರು, ಮುದುಕರು, ಮಕ್ಕಳು ಎದ್ದು ಹೋಗುತ್ತಾರೆ. ನೂರು ವರ್ಷ ಹಿಂದೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಕಲಿತದ್ದೂ ಇದೇ ಪಾಠವನ್ನೇ. ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಜರ್ಮನಿನಲ್ಲಲ್ಲ, ಕನ್ನಡದಲ್ಲಿ. ಕಿಟ್ಟೆಲರು 1894ರಲ್ಲಿ ಕೊಟ್ಟ ನಿಘಂಟು ಇವತ್ತಿಗೂ ನಮ್ಮ ಮೇಜಿನ ಮೇಲಿದೆ. ಅಚ್ಚಿನ ಮೊಳೆಗೆ ಆದದ್ದೇ ರೇಡಿಯೋದ ಅಲೆಗೂ ಆಯಿತು.

ಮನಿಲಾದ ಎಫ್.ಇ.ಬಿ.ಸಿ.ಗೆ ಸಂಬಂಧಪಟ್ಟು ಇಂಗ್ಲೆಂಡಿನಲ್ಲಿ 1959ರಲ್ಲಿ ಫೀಬಾ ಎಂಬ ಸಂಸ್ಥೆ ಹುಟ್ಟಿತ್ತು. ಅದು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳನ್ನು ಆರಿಸಿಕೊಂಡು 1970ರ ಮೇ ತಿಂಗಳಿಂದ ಪ್ರಸಾರ ಆರಂಭಿಸಿತು. ಮಾಹೆ ದ್ವೀಪದ ಅಂಚಿನಲ್ಲಿ, ಸಮುದ್ರದೊಳಗಿನ ಹವಳದ ದಿಬ್ಬದ ಮೇಲೆ ಆಂಟೆನಾದ ಗೋಪುರಗಳನ್ನು ನಿಲ್ಲಿಸಿದರು. ಇದು ಅಂದಕ್ಕಾಗಿ ಮಾಡಿದ್ದಲ್ಲ. ಉಪ್ಪುನೀರು ಅಲೆಗಳಿಗೆ ಒಳ್ಳೆಯ ಕನ್ನಡಿ. ಹ್ರಸ್ವತರಂಗ ಆ ಕನ್ನಡಿಯಿಂದ ಚಿಮ್ಮಿ, ಇನ್ನೂರು ಮುನ್ನೂರು ಕಿಲೋಮೀಟರ್ ಮೇಲಿರುವ ಅಯಾನುಗೋಳಕ್ಕೆ ತಾಗಿ, ಮತ್ತೆ ನೆಲಕ್ಕೆ ಬಾಗುತ್ತದೆ. ಹೀಗೆ ಒಂದೇ ನೆಗೆತಕ್ಕೆ ಅದು ಹೆಚ್ಚೆಂದರೆ ನಾಲ್ಕು ಸಾವಿರ ಕಿಲೋಮೀಟರು ದಾಟಬಲ್ಲದು. ಮಾಹೆಯಿಂದ ಮುಂಬಯಿ ಮೂರು ಸಾವಿರಕ್ಕೆ ಸ್ವಲ್ಪ ಮಿಕ್ಕಿ. ಬೆಂಗಳೂರೂ ಹೆಚ್ಚುಕಡಮೆ ಅಷ್ಟೇ. ಒಂದೇ ನೆಗೆತದ ದಾರಿ ಎಂದಾಗ ದನಿ ಬಹಳ ಸೊರಗದೆ ತಲಪುತ್ತದೆ.

ಇಂಗ್ಲಿಷಿನ ಜೊತೆಗೆ ಅಲ್ಲಿಂದ ಭಾರತದ ಹಲವು ಭಾಷೆಗಳು ಹೊರಟವು. ಅವುಗಳಲ್ಲಿ ಕನ್ನಡವೂ ಒಂದು. ಫೀಬಾದ ಭಾರತದ ಕಛೇರಿ ಇದ್ದದ್ದು ಬೆಂಗಳೂರಿನಲ್ಲಿ. ಧ್ವನಿಮುದ್ರಿಸಿದ ಟೇಪುಗಳು ಸಮುದ್ರ ದಾಟಿ ದ್ವೀಪಕ್ಕೆ ಹೋಗಬೇಕು, ಅಲ್ಲಿಂದ ಅಲೆಯಾಗಿ ಆಕಾಶದ ದಾರಿ ಹಿಡಿದು ನಮ್ಮ ನಾಡಿಗೆ ಮರಳಬೇಕು. ಕರ್ನಾಟಕಕ್ಕೆಂದು ಬಿಟ್ಟ ಆ ದನಿಗೆ ರಾಜ್ಯಗಳ ಗಡಿ ಗೊತ್ತಿರಲಿಲ್ಲ. ಬೈಕುಲ್ಲಾದ ಚಾಳಿಗೂ ಅದು ಬಂತು. 1950ರಲ್ಲಿ ಹುಟ್ಟಿದ ಧಾರವಾಡ ಆಕಾಶವಾಣಿ ಮುಂಬಯಿಯಲ್ಲಿ ರಾತ್ರಿ ಮಾತ್ರ, ಅದೂ ಟ್ಯೂಬ್‌ಲೈಟಿನ ಗೊರಗೊರ ಸದ್ದಿನ ಹಿಂದೆ ಅವಿತು ಕೇಳುತ್ತಿದ್ದ ನಮಗೆ, ಆಫ್ರಿಕದ ಪಕ್ಕದ ದ್ವೀಪವೊಂದು ಶುದ್ಧವಾಗಿ 'ನಮಸ್ಕಾರ' ಎಂದದ್ದು ದೊಡ್ಡ ಸೋಜಿಗ. ಮಹಾನಗರದಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬೀಳಲೆಂದು ಮೈಲುಗಟ್ಟಲೆ ಬಸ್ಸು ಹಿಡಿದು ಸಂಘದ ಸಭೆಗೆ ಬರುತ್ತಿದ್ದ ಜನ ನಾವು. ಮತ ಯಾವುದಾದರೇನು, ಮಾತು ನಮ್ಮದಾಗಿತ್ತು. 1978ರಲ್ಲಿ ಟ್ರಾನ್ಸ್ ವರ್ಲ್ಡ್ ರೇಡಿಯೋ ಶ್ರೀಲಂಕೆಯ ಪುತ್ತಳಂನಲ್ಲಿ 400 ಕಿಲೋವಾಟಿನ ಮಧ್ಯಮತರಂಗ ಪ್ರೇಷಕ ಹೂಡಿ ಭಾರತದ ಭಾಷೆಗಳಲ್ಲಿ ಪ್ರಸಾರ ತೊಡಗಿದ ಮೇಲೆ ದಕ್ಷಿಣದ ಊರುಗಳಿಗೆ ಇನ್ನೂ ಹತ್ತಿರದ ದನಿ ಸಿಕ್ಕಿತು.

ಸೆಶೆಲ್ಸ್ ಎಂಬ ಹೆಸರು ಮುಂಬಯಿಯ ಪತ್ರಿಕೆಗಳ ಮೊದಲ ಪುಟಕ್ಕೆ ಒಮ್ಮೆ ಬಂದದ್ದೂ ಉಂಟು. 1981ರ ನವೆಂಬರ್ 25ರಂದು ಬಾಡಿಗೆ ಸಿಪಾಯಿಗಳು ಮಾಹೆಯ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು, ಮುಂಬಯಿಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವನ್ನೇ ಹಿಡಿದು ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಒಯ್ದರು. ಆ ಗಲಭೆಯನ್ನೂ ಅದಕ್ಕೆ ಮೊದಲಿನ 1977ರ ಸರಕಾರ ಬದಲಾವಣೆಯನ್ನೂ ದಾಟಿ ಕೇಂದ್ರ ಉಳಿಯಿತು.

ಈ ಎಲ್ಲ ಕೇಂದ್ರಗಳೂ ಬದುಕಿದ್ದು ಪತ್ರಗಳ ಮೇಲೆ. ಅಲೆ ಎಲ್ಲಿ ಬಿತ್ತು ಎಂದು ಪ್ರೇಷಕಕ್ಕೆ ಕಾಣುವುದಿಲ್ಲ. ಕೇಳಿದವನು ಬರೆದರೇ ಕೇಳಿದಂತೆ. ಇಂಥ ದಿನ, ಇಂಥ ಹೊತ್ತು, ಇಷ್ಟು ಮೀಟರಿನಲ್ಲಿ ಇದನ್ನು ಕೇಳಿದೆ ಎಂದು ಬರೆದು ಕಳಿಸಿದರೆ ಕೇಂದ್ರದವರು ಚೆಂದದ ಚಿತ್ರವಿರುವ ಒಂದು ಕಾರ್ಡು ಕಳಿಸುತ್ತಿದ್ದರು. ಅದಕ್ಕೆ ಕ್ಯು.ಎಸ್.ಎಲ್. ಕಾರ್ಡು ಎಂದು ಹೆಸರು. ಅಂಚೆಯವನು ತರುವ ಮನಿಯಾರ್ಡರ್ ರಸೀತಿಗಳ ನಡುವೆ ವಿದೇಶದ ಸ್ಟಾಂಪಿನ ಆ ಕಾರ್ಡು ಬಂದ ದಿನ ಇಡೀ ಮಾಳಿಗೆಗೆ ಅದರ ಪ್ರದರ್ಶನ. ಆದರೆ ಬರೆದವರು ಹೆಚ್ಚಾಗಿ ಇಂಗ್ಲಿಷ್ ಕಾರ್ಯಕ್ರಮ ಕೇಳಿದವರು. ಕನ್ನಡ ಕೇಳಿದ ನಮ್ಮ ಮನೆಯವರು ಯಾರೂ ಬರೆಯಲಿಲ್ಲ. ಅದು ನಮ್ಮ ಮಾತೇ ತಾನೆ, ಅದಕ್ಕೇನು ಕಾಗದ ಎಂಬ ಭಾವನೆ. ಮುಂಬಯಿಯಲ್ಲಿ ಕನ್ನಡ ಕೇಳುವ ಸಂಸಾರಗಳಿವೆ ಎಂದು ಆ ದ್ವೀಪದವರಿಗೆ ಗೊತ್ತಾಗುವ ದಾರಿ ಬೇರೆ ಇರಲಿಲ್ಲ.

ಫೀಬಾ ಸೆಶೆಲ್ಸಿನ ಪ್ರಸಾರವನ್ನು 2003ರಲ್ಲಿ ನಿಲ್ಲಿಸಿತು. ಅದೇ ವರ್ಷ ಎಚ್.ಸಿ.ಜೆ.ಬಿ.ಯ ಆಸ್ಟ್ರೇಲಿಯದ ಶಾಖೆ ಕುನನರಾ ಎಂಬಲ್ಲಿಂದ ಏಷ್ಯಾದ ಕಡೆಗೆ ಪ್ರಸಾರ ಶುರುಮಾಡಿತು. ಮೂಲದ ಕ್ವಿಟೋದಲ್ಲಿ ಮಾತ್ರ ಹೊಸ ವಿಮಾನ ನಿಲ್ದಾಣಕ್ಕೆ ದಾರಿ ಬಿಡಲೆಂದು 2009ರಲ್ಲಿ ಗೋಪುರಗಳನ್ನು ಇಳಿಸಿದರು. ಅಷ್ಟರಲ್ಲಿ ಬೈಕುಲ್ಲಾದ ಎಷ್ಟೋ ಚಾಳುಗಳೂ ನೆಲಕ್ಕಿಳಿದಿದ್ದವು. ಮನೆ ಖಾಲಿ ಮಾಡುವಾಗ ರೇಡಿಯೋ ಗುಜರಿಯವನಿಗೆ, ಕಾಗದಪತ್ರ ರದ್ದಿಯವನಿಗೆ.

ಬಾಯಮ್ಮನ ಕುಟುಂಬ ವಸಾಯಿ ಕಡೆಗೆ ಹೋಯಿತೆಂದು ಕೇಳಿದ್ದೇವೆ. ಓದುಗರಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಇಂತಹ ಕಾರ್ಡು, ಪುಣೆಯ ಪಾಠದ ಸರ್ಟಿಫಿಕೇಟು, ಬೆಂಗಳೂರಿನಿಂದ ಬಂದ ಕನ್ನಡದ ಉತ್ತರ ಅಥವಾ ಅಂಚೆ ಕಛೇರಿಯಲ್ಲಿ ವರ್ಷವರ್ಷ ಮುದ್ರೆ ಹಾಕಿಸಿದ ರೇಡಿಯೋ ಲೈಸೆನ್ಸಿನ ಪುಸ್ತಕ ಉಳಿದಿದ್ದರೆ ರದ್ದಿಗೆ ಹಾಕದೆ ಸಂಘದ ಗ್ರಂಥಭಂಡಾರಕ್ಕೆ ತಂದುಕೊಡಿ. ಕೊಡಲು ಮನಸ್ಸಿಲ್ಲದವರು ಒಂದು ದಿನದ ಮಟ್ಟಿಗೆ ತಂದರೂ ಆದೀತು. ನಕಲು ತೆಗೆಸಿ ಹಿಂದಿರುಗಿಸುತ್ತೇವೆ.