ವಿದ್ಯಾದಾನವೂ ಅನ್ನದಾಸೋಹವೂ

ಬಡವನ ಮಗನಿಗೆ ವಿದ್ಯೆ ದೊರೆಯದಿರುವುದಕ್ಕೆ ಶಾಲೆಯ ಶುಲ್ಕವೊಂದೇ ಕಾರಣವೆಂದು ಬಗೆಯುವುದು ಅರೆದೃಷ್ಟಿಯೇ ಸರಿ. ಶುಲ್ಕವನ್ನು ಮನ್ನಿಸಿದ ಬಳಿಕವೂ ಎರಡು ವೆಚ್ಚಗಳು ಉಳಿಯುವುವು. ಪಟ್ಟಣದಲ್ಲಿ ನಿಂತು ಓದುವ ಬಾಲಕನ ಊಟ ವಸತಿಗಳದು ಒಂದು. ಅವನು ಮನೆಯಲ್ಲಿದ್ದರೆ ದನ ಕಾಯ್ದು, ಹೊಲದ ಕಳೆ ತೆಗೆದು ಗಳಿಸುತ್ತಿದ್ದ ದುಡಿಮೆಯ ನಷ್ಟವು ಇನ್ನೊಂದು. ಈ ಎರಡನೆಯದು ಸರಕಾರದ ಲೆಕ್ಕಪುಸ್ತಕದಲ್ಲಿ ಕಾಣಿಸದು. ಬಡ ತಾಯಿತಂದೆಗಳು ಮಾತ್ರ ಅದನ್ನು ಚೆನ್ನಾಗಿ ಬಲ್ಲರು.

ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, 1882ರಲ್ಲಿ, ಹಂಟರ್ ಕಮಿಶನ್ನಿನ ಮುಂದೆ ಪುಣೆಯ ಜ್ಯೋತಿಬಾ ಫುಲೆಯವರು ಒಂದು ನಿವೇದನೆಯನ್ನು ಸಲ್ಲಿಸಿದರು. ರೈತರು ಬೆವರು ಸುರಿಸಿ ತೆತ್ತ ಕಂದಾಯವು ಮೇಲ್ವರ್ಗದವರ ಉಚ್ಚ ಶಿಕ್ಷಣಕ್ಕೆ ವ್ಯಯವಾಗುತ್ತಿರುವುದೆಂಬುದೂ, 12 ವರ್ಷದವರೆಗಾದರೂ ಪ್ರಾಥಮಿಕ ಶಿಕ್ಷಣವು ಕಡ್ಡಾಯವಾಗಬೇಕೆಂಬುದೂ ಅವರ ವಾದವಾಗಿದ್ದಿತು. ಗೋಖಲೆಯವರು 1911ರಲ್ಲಿ ಮಂಡಿಸಿದ ಶಿಕ್ಷಣ ಮಸೂದೆಯು ಮರುವರ್ಷ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು.

ಸರಕಾರವು ಹೊರಲೊಲ್ಲದ ಭಾರಕ್ಕೆ ಸಮಾಜವೇ ಹೆಗಲು ಕೊಡಬೇಕಾಯಿತು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತರ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಉಪಾಧ್ಯಾಯರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿದರು. ಆ ಸಂಸ್ಥೆಯ ಕಾಲೇಜಿಗೆ ಲಿಂಗರಾಜರ ಹೆಸರೇ ಸಂದಿತು. ಆದರೆ ಕಾಲೇಜಿನ ಕಟ್ಟಡವೆಷ್ಟು ಭವ್ಯವಾದರೇನು? ಹಸಿದ ಹುಡುಗನಿಗೆ ಅದರ ಬಾಗಿಲು ತೆರೆದೂ ಮುಚ್ಚಿದಂತೆಯೇ. ಆ ಬಾಗಿಲನ್ನು ನಿಜವಾಗಿ ತೆರೆದವುಗಳು ಧಾರವಾಡದ ಮುರುಘಾಮಠವೇ ಮೊದಲಾದೆಡೆಗಳ ಉಚಿತ ಪ್ರಸಾದನಿಲಯಗಳು. ತುಮಕೂರಿನ ಸಿದ್ಧಗಂಗೆಯಲ್ಲಿ 1917ರಲ್ಲಿ ಸಂಸ್ಕೃತ ಪಾಠಶಾಲೆಯು ಹುಟ್ಟಿತು. 1941ರಲ್ಲಿ ಮಠದ ಹೊಣೆ ಹೊತ್ತು 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳ ಕಾಲದಲ್ಲಿ ಜಾತಿಮತಭೇದವಿಲ್ಲದೆ ಸಹಸ್ರಾರು ಮಕ್ಕಳು ಅಲ್ಲಿ ಉಂಡು ಓದಿದರು. ಭಕ್ತರು ಜೋಳಿಗೆಗೆ ನೀಡಿದ ರಾಗಿಯ ಹಿಡಿಯೇ ಅರ್ಥಶಾಸ್ತ್ರಜ್ಞರ ಭಾಷೆಯಲ್ಲಿ ಮೂಲಧನವೆನಿಸಬಲ್ಲುದು.

ಇದು ಬರಿಯ ಅಲಂಕಾರದ ಮಾತಲ್ಲ. ಇಂಡೋನೇಶಿಯಾ ಸರಕಾರವು 1973ರಿಂದ 1978ರವರೆಗೆ 61,000ಕ್ಕೂ ಮಿಕ್ಕು ಪ್ರಾಥಮಿಕ ಶಾಲೆಗಳನ್ನು ಕಟ್ಟಿಸಿತು. ಶಾಲೆಗಳು ಹೆಚ್ಚಾದ ಪ್ರಾಂತಗಳ ಮಕ್ಕಳು ಹೆಚ್ಚು ಓದಿದರೆಂದೂ, ದೊಡ್ಡವರಾದ ಮೇಲೆ ಹೆಚ್ಚು ಸಂಬಳ ಪಡೆದರೆಂದೂ ಎಸ್ತರ್ ಡುಫ್ಲೋ ಎಂಬ ವಿದುಷಿಯು 2001ರಲ್ಲಿ ಲೆಕ್ಕಹಾಕಿ ತೋರಿಸಿದರು. ಅದೇ ವರ್ಷ ಭಾರತದ ಸುಪ್ರೀಂ ಕೋರ್ಟು ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡತಕ್ಕುದೆಂದು ಆಜ್ಞಾಪಿಸಿತು. ಕರ್ನಾಟಕ ಸರಕಾರವು ಆ ಯೋಜನೆಗೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಆ ಪದವು ಶರಣರ ಮನೆಯಿಂದ ಬಂದುದೆಂಬುದನ್ನು ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ಕೊರತೆಯನ್ನು ಮರೆಮಾಚಲಾಗದು. ಅಕ್ಕಮಹಾದೇವಿಯನ್ನು ಪಡೆದ ಈ ಸಮಾಜದ ಮೊದಲ ಪ್ರಸಾದನಿಲಯಗಳು ಬಹುಮಟ್ಟಿಗೆ ಬಾಲಕರಿಗಾಗಿಯೇ ಇದ್ದುವು. ಮಧ್ಯಪ್ರದೇಶದ ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ಧಾನ್ಯ ಹಂಚುವುದನ್ನು ಬಿಟ್ಟು ದಿನವೂ ಅಡಿಗೆ ಮಾಡಿ ಬಡಿಸತೊಡಗಿದಾಗ ಆದ ಪರಿಣಾಮವನ್ನು ಫರ್ಜಾನಾ ಆಫ್ರಿದಿಯವರು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಒಂದನೆಯ ತರಗತಿಯ ಬಾಲಿಕೆಯರ ಹಾಜರಿಯು ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚು ಏರಿದ್ದಿತು. ಬಾಲಕರಲ್ಲಿ ಅಂತಹ ಸ್ಪಷ್ಟವಾದ ಏರಿಕೆಯು ಕಂಡುಬರಲಿಲ್ಲ.